ಬೇಯಿಸಿದ ಬೆಳ್ಳಿ

ದಾನುವಿಯುಸ್ ಮಹಾನದಿ ನಮ್ಮ ಪಾಲಿನ ದೇವರು. ಮೇಲಿನ ಬೆಟ್ಟಗಳ ಹಿಮ, ಆಚೆ ದಡದವರ ಮುರಿದ ದೋಣಿ, ಈಚೆ ದಡದವರ ಕೊಳೆ, ಎಲ್ಲವನ್ನೂ ಒಂದೇ ಮುಖಭಾವದಲ್ಲಿ ಹೊತ್ತುಕೊಂಡು ಅವನು ಸಮುದ್ರಕ್ಕೆ ಹೋಗುತ್ತಾನೆ. ಒಯ್ಯದೆ ದಡದಲ್ಲೇ ಬಿಟ್ಟುಹೋದದ್ದು ಸಿಪಾಯಿ ಕಾಪಿತೋನ ಸೊಂಟಪಟ್ಟಿಯ ಕಥೆಯೊಂದನ್ನೇ. ನದಿದೇವರಿಗೂ ಅದನ್ನು ಆಗಾಗ ಕೇಳಬೇಕೆನ್ನಿಸುತ್ತದೋ ಏನೋ. ಕಟ್ಟೆಯ ಮೇಲಿರುವ ಅವನ ಬಲಿಪೀಠವನ್ನು ಗುಡಿಸಿ, ಒಂದು ಹಿಡಿ ಹಿಟ್ಟು ಇಟ್ಟು, ಸ್ವಲ್ಪ ದ್ರಾಕ್ಷಾರಸ ಚಿಮುಕಿಸಿ ಕುಳಿತರೆ ಸಾಕು, ಕೆಳಗೆ ಬಟ್ಟೆ ಒಗೆಯುವ ಹೆಂಗಸರಲ್ಲಿ ಯಾರಾದರೊಬ್ಬರು ಅದನ್ನೇ ತೆಗೆಯುತ್ತಾರೆ.

ಕಾಪಿತೋ ಕೆಟ್ಟವನಲ್ಲ. ಆದರೆ ನಿಂತಲ್ಲಿ ನಿಲ್ಲುವವನೂ ಅಲ್ಲ. ಅವನ ತಾಯಿ ಅವನನ್ನು ನಡೆಯುತ್ತಲೇ ಹೆತ್ತಿರಬೇಕು ಎಂದು ದಳದವರು ಹೇಳುತ್ತಿದ್ದರು. ನಮ್ಮ ಕೋಟೆ ರೋಮಿನ ಚಕ್ರವರ್ತಿಯ ನೆಲ ಮುಗಿದು ಕಾಡು ಜನರ ನೆಲ ಶುರುವಾಗುವ ಕಡೆ, ನದಿಯ ದಂಡೆಯ ಮೇಲಿದೆ. ಅಲ್ಲಿ ಕಾವಲು ನಿಲ್ಲುವವನು ಕಲ್ಲಿನಂತೆ ನಿಲ್ಲಬೇಕು. ಕಾಪಿತೋ ಒಂದು ಕಾಲಿನ ಮೇಲಿಂದ ಇನ್ನೊಂದು ಕಾಲಿಗೆ, ಅಲ್ಲಿಂದ ಮತ್ತೆ ಇದಕ್ಕೆ ಬರುತ್ತಲೇ ಇರುತ್ತಿದ್ದ. ಸಿಪಾಯಿಯ ಸೊಂಟಪಟ್ಟಿಯ ಮುಂಭಾಗದಲ್ಲಿ ತೊಗಲಿನ ಬಾರುಗಳು ತೂಗುತ್ತವಲ್ಲ, ಅವುಗಳ ತುದಿಯಲ್ಲಿರುವ ಹಿತ್ತಾಳೆಯ ಗುಂಡಿಗಳು ಅವನು ಅಲುಗಿದಂತೆಲ್ಲ ಝಣಝಣ ಅನ್ನುತ್ತಿದ್ದವು. ಅವನು ಎಲ್ಲಿದ್ದಾನೆಂದು ಇಡೀ ಕೋಟೆಗೆ ತಿಳಿಯುತ್ತಿತ್ತು. ಆಚೆ ದಡಕ್ಕೂ ತಿಳಿಯುತ್ತಿತ್ತು. ಶತಾಧಿಪತಿ ಪನ್ಸಾ ಹೇಳುವಂತೆ, ಆ ಕಾಡು ಜನ ಇಷ್ಟು ವರ್ಷ ನಮ್ಮ ಮೇಲೆ ಬೀಳದಿರಲು ಕಾರಣ ನಮ್ಮ ಗೋಡೆಯ ಎತ್ತರವಲ್ಲ. ಇಲ್ಲಿರುವುದು ಕೋಟೆಯಲ್ಲ, ಮೇಕೆಯ ದೊಡ್ಡಿ ಎಂದು ಅವರು ತಿಳಿದಿರುವುದು.

ಈ ಝಣಝಣ ಸದ್ದು ದಿನಕ್ಕೊಮ್ಮೆಯಾದರೂ ಬಂದು ಸೇರುತ್ತಿದ್ದುದು ರೆಸ್ತೂತಾಳ ಒಗೆಯುವ ಕಟ್ಟೆಗೆ. ರೆಸ್ತೂತಾ ದಳದ ಬಟ್ಟೆ ಒಗೆಯುವವಳು. ಗಂಡ ತೀರಿದ ಮೇಲೆ ತೊಟ್ಟಿಗಳನ್ನೂ ಗಡಿಗೆಗಳನ್ನೂ ಒಬ್ಬಳೇ ನಡೆಸಿಕೊಂಡು ಬಂದ ಗಟ್ಟಿಗಿತ್ತಿ. ಬೀದಿ ಮೂಲೆಯಲ್ಲಿ ಅವಳು ಇಟ್ಟ ಮಡಕೆಗಳಲ್ಲಿ ಇಡೀ ಊರು ಮೂತ್ರ ಮಾಡುತ್ತಿತ್ತು. ಅದೇ ಮೂತ್ರದಲ್ಲಿ ಊರಿನ ಬಟ್ಟೆ ಬೆಳ್ಳಗಾಗಿ ಊರಿಗೇ ಮರಳುತ್ತಿತ್ತು. ಕೊಟ್ಟದ್ದು ಎಲ್ಲಿಗೂ ಹೋಗುವುದಿಲ್ಲ ಎಂಬ ಮಾತಿಗೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಿಲ್ಲ. ಒಗೆದ ಉಣ್ಣೆಯಂಗಿಗಳನ್ನು ಅವಳು ಕೋಳಿಗೂಡಿನಂಥ ಒಂದು ದೊಡ್ಡ ಬೆತ್ತದ ಗೂಡಿನ ಮೇಲೆ ಹರಡಿ, ಕೆಳಗೆ ಕೆಂಡದ ಬೋಗುಣಿ ಇಟ್ಟು, ಅದಕ್ಕೆ ಗಂಧಕದ ಪುಡಿ ಎಸೆಯುತ್ತಿದ್ದಳು. ಆ ಹೊಗೆ ಹತ್ತಿದರೆ ಉಣ್ಣೆ ಹಾಲಿನಂತೆ ಬಿಳುಪಾಗುತ್ತದೆ. ಹತ್ತಿರ ನಿಂತವನು ತನ್ನ ಪಾಪಗಳನ್ನೆಲ್ಲ ನೆನೆದು ಕೆಮ್ಮುತ್ತಾನೆ. ಸಿಪಾಯಿಗಳ ಅಂಗಿಯೊಂದಿಗೆ ರೆಸ್ತೂತಾಳದು ಹಳೆಯ ಜಗಳ. ಮಸಿಯ ಕಲೆ, ಬೆವರಿನ ಕಲೆ, ಕಿಲುಬಿನ ಕಲೆ, ಮೀನಿನ ರಸದ ಕಲೆ, ಒಂದೊಂದಕ್ಕೂ ಅವಳಲ್ಲಿ ಒಂದೊಂದು ಬೈಗುಳವಿತ್ತು.

ಕಾಪಿತೋ ಅಲ್ಲಿಗೆ ಬರುತ್ತಿದ್ದುದು ಬೈಗುಳ ಕೇಳಲಿಕ್ಕಲ್ಲ. ರೆಸ್ತೂತಾಳ ಮಗಳು ಬನೋನಾ ಬಾಗಿಲಲ್ಲಿ ಕುಳಿತು ನಡುವಿಗೆ ಸುತ್ತುವ ಉಣ್ಣೆಯ ಪಟ್ಟಿ ನೇಯುತ್ತಿದ್ದಳು. ಅವನು ಬಂದು ಅವಳ ಎಡಕ್ಕೆ ನಿಂತು ಒಂದು ಮಾತು ಶುರುಮಾಡುವನು. ಬಲಕ್ಕೆ ಹೋಗಿ ಅದರ ಅರ್ಧ ಆಡುವನು. ಮಿಕ್ಕದ್ದು ತೊಟ್ಟಿಯ ಹಿಂದಿನಿಂದ ಕೇಳಿಸುವುದು. ಬನೋನಾ ಒಮ್ಮೆ ನೂಲಿನಿಂದ ಕಣ್ಣೆತ್ತದೆ ಕೇಳಿದಳು:

“ನಿಂತ್ಕೊಂಡು ಮಾತಾಡೋಕೆ ಬರಲ್ವಾ ನಿಂಗೆ?”

ಅದಕ್ಕೆ ಅವನು ಉತ್ತರ ಕೊಟ್ಟನಂತೆ. ಏನೆಂದು ಅವಳಿಗೆ ಕೇಳಿಸಲಿಲ್ಲ, ಅಷ್ಟು ಹೊತ್ತಿಗೆ ಅವನು ಬಾವಿಯ ಹತ್ತಿರವಿದ್ದ.

ದಳದ ಕಾನೂನಿನಲ್ಲಿ ಸಿಪಾಯಿಗೆ ಮದುವೆ ಇಲ್ಲ. ಕೋಟೆಯ ಹೊರಗಿನ ಊರಿನ ಕಾನೂನಿನಲ್ಲಿ ಎಲ್ಲರಿಗೂ ಇದೆ. ಆದ್ದರಿಂದ ಗುಲಾಬಿ ಹಬ್ಬಕ್ಕೆ ಕೆಲವು ವಾರಗಳಿರುವಾಗ ಕಾಪಿತೋ ಧೈರ್ಯ ತಂದುಕೊಂಡು ರೆಸ್ತೂತಾಳನ್ನೇ ಕೇಳಿದ, ಮಗಳನ್ನು ಎಂಥವನಿಗೆ ಕೊಡುತ್ತೀರಿ ಎಂದು. ಅವಳು ಮೊಣಕಾಲವರೆಗೆ ತೊಟ್ಟಿಯಲ್ಲಿ ನಿಂತು ಯಾರದೋ ಅಂಗಿಯ ನಡುಭಾಗವನ್ನು ಕಲ್ಲಿಗೆ ಉಜ್ಜುತ್ತಿದ್ದಳು. ತಲೆ ಎತ್ತಲಿಲ್ಲ.

“ಸೊಂಟ ಬೆಳ್ಳಗಿರೋನು ಸಿಗ್ಲಿ ಕಣಪ್ಪ, ನಿಂತ ಕಾಲಲ್ಲಿ ಕೊಡ್ತೀನಿ” ಅಂದಳು.

ಕಾಪಿತೋ ತಲೆ ಎತ್ತಿದ. ಆ ಹೊತ್ತಿಗೆ ಸರಿಯಾಗಿ ಬೀದಿಯ ಆ ತುದಿಯಿಂದ ದಳದ ಧ್ವಜ ಹೊರುವ ಸೆನೆಕಿಯೋ ಬರುತ್ತಿದ್ದ. ಸೆನೆಕಿಯೋ ದೊಡ್ಡ ಆಳು, ಹೆಂಡತಿಯಿಲ್ಲದವನು, ಬಿಸಿಲಿರಲಿ ಚಳಿಯಿರಲಿ ಧ್ವಜಧಾರಿಯ ಕರಡಿಚರ್ಮವನ್ನು ತಲೆಯಿಂದ ಇಳಿಸದವನು. ಅವನ ಸೊಂಟದಲ್ಲಿ ಅಪ್ಪಟ ಬೆಳ್ಳಿಯ ಬಿಲ್ಲೆಗಳು, ಒಂದೊಂದರ ಮೇಲೂ ಕಪ್ಪು ಬಳ್ಳಿಯ ಕುಸುರಿ. ಬಿಸಿಲು ಬಿದ್ದು ಅವು ಕಣ್ಣು ಕುಕ್ಕಿದವು. ಕಾಪಿತೋ ತನ್ನ ಸೊಂಟ ನೋಡಿಕೊಂಡ. ಅಲ್ಲಿ ಹಿತ್ತಾಳೆ, ಅದೂ ಹಳೆಯದು, ಕೊಳದ ಪಾಚಿಯ ಬಣ್ಣಕ್ಕೆ ತಿರುಗಿದ್ದು.

ಸರಿ, ಅಲ್ಲಿಂದ ಓಡಿದವನು ನಿಂತದ್ದು ಲಿಕ್ಕೋನ ಕುಲುಮೆಯಲ್ಲಿ. ಲಿಕ್ಕೋ ಊರಿನ ಕಂಚುಗಾರ, ಸೋಮಾರಿ, ಮಾತುಗಾರ. ಹಿತ್ತಾಳೆಯನ್ನು ಬೆಳ್ಳಿ ಮಾಡಲಾದೀತೇ ಎಂದು ಕಾಪಿತೋ ಕೇಳಿದ. ಅದು ದೇವರ ಕೆಲಸ, ತಾನು ಬೇಕಾದರೆ ಬೆಳ್ಳಿಯ ಹಾಗೆ ಮಾಡುತ್ತೇನೆ ಎಂದ ಲಿಕ್ಕೋ. ಬಿಲ್ಲೆಗಳನ್ನು ಹುಳಿಬಂದ ದ್ರಾಕ್ಷಾರಸದಲ್ಲಿ ಮರಳು ಹಾಕಿ ತಿಕ್ಕಿ, ರಾಳ ಸವರಿ, ಕೆಂಡದ ಮೇಲೆ ಬಿಸಿಮಾಡಿ, ಕರಗಿದ ತವರವನ್ನು ನಾರಿನ ಉಂಡೆಯಿಂದ ಒರೆಸಿದ. ನಮ್ಮ ಅಡಿಗೆ ಪಾತ್ರೆಗೆ ಹಾಕುವ ಕಲಾಯಿಯೇ ಅದು. ಸೊಂಟಪಟ್ಟಿಯ ಬಿಲ್ಲೆಗಳು, ಕೊಂಡಿ, ಬಾಕು ತೂಗುಹಾಕುವ ಗುಬ್ಬಿಗಳು, ಬಾರಿನ ತುದಿಯ ಗುಂಡಿಗಳು, ಎಲ್ಲ ಹುಣ್ಣಿಮೆಯಂತಾದವು. ಬಾಕುವಿನ ಒರೆಯ ಮೊಳೆಗಳಿಗೆ ಬರುವಷ್ಟರಲ್ಲಿ ತವರ ಮುಗಿದಿತ್ತು. ಅವು ಹಳದಿಯಾಗಿಯೇ ಉಳಿದವು.

ಯಾರಾದರೂ ಕೇಳಿದರೆ ಇದನ್ನು ಏನೆಂದು ಹೇಳಲಿ ಎಂದು ಕಾಪಿತೋ ಕೇಳಿದ. ಅವನು ಸುಳ್ಳು ಹೇಳುವವನಲ್ಲ, ಅದಕ್ಕೆ ಬೇಕಾದ ಸಮಾಧಾನ ಅವನಲ್ಲಿರಲಿಲ್ಲ.

“ನಮ್ಮ ಕಸುಬಿನಲ್ಲಿ ಇದಕ್ಕೆ ಬೇಯಿಸಿದ್ದು ಅಂತಾರೆ. ಹಾಗೇ ಹೇಳು” ಎಂದ ಲಿಕ್ಕೋ.

ಮರುದಿನ ಬೆಳಗಿನ ಸಾಲಿನಲ್ಲಿ ಶತಾಧಿಪತಿ ಪನ್ಸಾ ಬೆತ್ತ ಆಡಿಸುತ್ತಾ ಬಂದು ಕಾಪಿತೋನ ಮುಂದೆ ನಿಂತ, ಮುಂದೆ ಹೋದ, ಮತ್ತೆ ಹಿಂದೆ ಬಂದ. ಏನೂ ಹೇಳಲಿಲ್ಲ. ಪನ್ಸಾ ಏನೂ ಹೇಳದಿರುವುದು ನಮ್ಮ ಕೋಟೆಯಲ್ಲಿ ಸುದ್ದಿ. ಮಧ್ಯಾಹ್ನದ ಗಂಜಿಯ ಹೊತ್ತಿಗೆ ಕಾಪಿತೋನ ಸೊಂಟದಲ್ಲಿ ಬೆಳ್ಳಿಯಿದೆ ಎಂದಾಗಿತ್ತು. ಗಂಜಿ ಮುಗಿಯುವ ಹೊತ್ತಿಗೆ ಒರೆಯ ಮೊಳೆಗಳು ಬಂಗಾರದವು ಎಂದಾಯಿತು. ಬೆಳ್ಳಿಯ ನಡುವೆ ಯಾರಾದರೂ ಹಿತ್ತಾಳೆ ಹೊಡೆಯುತ್ತಾರೆಯೇ? ಸಂಜೆಗೆ ಅವನಿಗೆ ರೋಮಿನಲ್ಲಿ ಒಬ್ಬ ಮಕ್ಕಳಿಲ್ಲದ ಚಿಕ್ಕಪ್ಪ ಹುಟ್ಟಿ, ಶ್ರೀಮಂತನಾಗಿ, ಸತ್ತೂ ಹೋದ.

ಕಾಪಿತೋಗೆ ಇದರಿಂದ ಸಂತೋಷವಾದದ್ದು ಒಂದು ಹಗಲು ಮಾತ್ರ. ಯಾರೊಂದಿಗೆ ಸುಳ್ಳು ನಡೆದರೂ ಅತ್ತೆಯಾಗುವವಳೊಂದಿಗೆ ನಡೆಯಬಾರದು ಎಂದು ತೀರ್ಮಾನಿಸಿ ಅವನು ರೆಸ್ತೂತಾಳ ಮನೆಗೆ ಹೋದ. ಅವಳು ಒಲೆಯ ಮೇಲೆ ಬೇಳೆ ಕಲಕುತ್ತಿದ್ದಳು. ಪಕ್ಕದಲ್ಲಿ ಸಾಸೇಜು ಮಾರುವ ನೆರೆಯವಳು ಕುಳಿತಿದ್ದಳು. ಕಾಪಿತೋ ಒಲೆಯನ್ನು ಎರಡು ಸುತ್ತು ಬಂದು, ಸೊಂಟವನ್ನು ಮುಂದೆ ಮಾಡಿ ಹೇಳಿದ:

“ಅಮ್ಮಾ, ಮುಚ್ಚಿಡೋದು ನಂಗಾಗಲ್ಲ. ಇದು ಬೇಯಿಸಿದ್ದು.”

ರೆಸ್ತೂತಾ ಪಾತ್ರೆಯೊಳಗೆ ನೋಡಿದಳು. “ಬೇಯಿಸದೆ ಹಸೀದು ತಿಂತಾರೇನೋ? ಕೂತ್ಕೋ, ಬಡಿಸ್ತೀನಿ.”

ಅವನು ಕೂರಲಿಲ್ಲ. ಬೇಳೆಯಲ್ಲ, ಬಿಲ್ಲೆ ಬೇಯಿಸಿದ್ದು, ನಿಜವಾಗಿ ಬೇಯಿಸಿದ್ದು, ಲಿಕ್ಕೋ ನನ್ನ ಕಣ್ಣೆದುರಿಗೇ ಬೇಯಿಸಿದ ಎಂದು ಮೂರು ದಿಕ್ಕಿನಿಂದ ಹೇಳಿದ. ರೆಸ್ತೂತಾ ಬೇಳೆಗೆ ಉಪ್ಪು ಹಾಕಿದಳು. ಆದರೆ ಸಾಸೇಜಿನವಳಿಗೆ ಅರ್ಥವಾಯಿತು. ಹಸಿ ಬೆಳ್ಳಿಯಲ್ಲಿ ಕಸರು ಇರುತ್ತದೆ. ಬೇಯಿಸಿದರೆ ಕಸರು ಉಕ್ಕಿಹೋಗಿ ಅಪ್ಪಟವಷ್ಟೇ ಉಳಿಯುತ್ತದೆ. ಚಕ್ರವರ್ತಿಯ ಊಟದ ತಟ್ಟೆ ಅಂಥದ್ದೇ ಎಂದು ಅವಳು ಅಲ್ಲೇ ವಿವರಿಸಿದಳು. ಕಾಪಿತೋ ತಲೆ ಅಲ್ಲಾಡಿಸಿದ. ಅವಳು ಅದನ್ನು ವಿನಯವೆಂದುಕೊಂಡಳು.

ಹೀಗೆ ನಮ್ಮೂರಿಗೆ ಬೇಯಿಸಿದ ಬೆಳ್ಳಿ ಬಂತು. ಬರೀ ಬೆಳ್ಳಿಯನ್ನು ಜನ ಹಸಿ ಬೆಳ್ಳಿ ಎನ್ನತೊಡಗಿದರು. ಲಿಕ್ಕೋನ ಕುಲುಮೆಯ ಮುಂದೆ ಸಿಪಾಯಿಗಳ ಸಾಲು ಹತ್ತಿತು. ಇಬ್ಬರು ತಮ್ಮ ಅಜ್ಜಂದಿರ ಕಾಲದ ನಿಜವಾದ ಬೆಳ್ಳಿಯ ಕೊಂಡಿಗಳನ್ನು ತಂದು, ಇದನ್ನೂ ಒಂದಿಷ್ಟು ಬೇಯಿಸಿ ಕೊಡಪ್ಪಾ ಎಂದರು. ಸೋಮಾರಿ ಲಿಕ್ಕೋಗೆ ಊಟಕ್ಕೂ ಬಿಡುವಿಲ್ಲದಂತಾಯಿತು. ಧ್ವಜದ ಸೆನೆಕಿಯೋ ಬೀದಿಯಲ್ಲಿ ಬಂದರೆ ಮಕ್ಕಳು ಹಿಂದಿನಿಂದ “ಹಸಿ, ಹಸಿ” ಅನ್ನುವರು. ಕರಡಿಚರ್ಮದೊಳಗೆ ಅವನ ಮುಖ ಹೇಗಿತ್ತೋ ಯಾರೂ ನೋಡಲಿಲ್ಲ.

ಇಷ್ಟಕ್ಕೆ ನಿಂತಿದ್ದರೆ ಚೆನ್ನಾಗಿತ್ತು. ನಿಲ್ಲುವ ಗುಣ ಈ ಕಥೆಯಲ್ಲಿ ಯಾರಿಗೂ ಇಲ್ಲ.

ಗುಲಾಬಿ ಹಬ್ಬದಲ್ಲಿ ದಳದ ಧ್ವಜಕ್ಕೆ ಹೂವಿನ ಹಾರ ಹಾಕಿ ಪೂಜಿಸುತ್ತಾರೆ. ಅಂದು ಧ್ವಜ ಹೊರುವವನು ಬಿಳಿಯಂಗಿ ತೊಡಬೇಕು. ಹಬ್ಬ ಹತ್ತಿರವಾದಾಗ ಸೆನೆಕಿಯೋ ತನ್ನ ಅಂಗಿಗೆ ಹೊಗೆ ಕೊಡಿಸಲು ರೆಸ್ತೂತಾಳ ಕಟ್ಟೆಗೆ ಬಂದ. ಅಂಗಿ ಬಿಚ್ಚಬೇಕಾದರೆ ಪಟ್ಟಿ ಬಿಚ್ಚಬೇಕು. ಬಿಚ್ಚಿದ್ದನ್ನು ಗೂಡಿನ ಅಂಚಿಗೆ ನೇತುಹಾಕಿದ. ಕಾಪಿತೋ ಅಲ್ಲೇ ಇದ್ದ, ಹೇಳಬೇಕೆ? ಅವನ ಝಣಝಣಕ್ಕೆ ತಲೆನೋವು ಬರುತ್ತಿದೆ, ಅದನ್ನು ಬಿಚ್ಚಿಟ್ಟು ತಿರುಗು ಎಂದಳು ರೆಸ್ತೂತಾ. ಅವನದೂ ಪಕ್ಕದಲ್ಲೇ ತೂಗಿತು. ಅವಳು ಇಬ್ಬರ ಪಟ್ಟಿಯನ್ನೂ ಗಮನಿಸದೆ ಒದ್ದೆ ಅಂಗಿಗಳನ್ನು ಅವುಗಳ ಮೇಲೇ ಹರಡಿ, ಕೆಂಡಕ್ಕೆ ಗಂಧಕ ಎಸೆದಳು. ಸೆನೆಕಿಯೋ ಕರಡಿಚರ್ಮವೊಂದನ್ನೇ ಸುತ್ತಿಕೊಂಡು ಬಂಡೆಯ ಮೇಲೆ ಕುಳಿತು ನದಿ ನೋಡುತ್ತಿದ್ದ. ಆಚೆ ದಡದಲ್ಲಿ ನೀರಿಗೆ ಬಂದ ಹೆಂಗಸೊಬ್ಬಳು ಅವನನ್ನು ಕಂಡು ಕೊಡ ಬಿಟ್ಟು ಓಡಿದಳು.

ಹೊಗೆ ಇಳಿದು ಅಂಗಿ ಎತ್ತಿದಾಗ ಕಾಪಿತೋನ ಪಟ್ಟಿ ಹುಣ್ಣಿಮೆಯಂತೆಯೇ ಇತ್ತು. ಸೆನೆಕಿಯೋನದು ಒಲೆಯ ಮೇಲಿನ ಕೊಪ್ಪರಿಗೆಯ ತಳದ ಹಾಗೆ ಕಪ್ಪಾಗಿತ್ತು. ಬಳ್ಳಿಯೂ ಕಪ್ಪು, ಬಿಲ್ಲೆಯೂ ಕಪ್ಪು.

ತೊಟ್ಟಿಯಲ್ಲಿ ಬಟ್ಟೆ ತುಳಿಯುತ್ತಿದ್ದ ಕೂಲಿ ಹೆಂಗಸರು ಕಾಲು ನಿಲ್ಲಿಸಿದರು. ಸಾಸೇಜಿನವಳು ಎಲ್ಲಿಂದ ಬಂದಳೋ ಬಂದಳು. ಅವಳು ಸಣ್ಣ ದನಿಯಲ್ಲಿ ಹೇಳಿದ ಮಾತು ಕೋಟೆಯ ಒಳಬಾಗಿಲವರೆಗೆ ಕೇಳಿಸಿತು:

“ಅಯ್ಯೋ ಪಾಪ, ಸೆನೆಕಿಯಣ್ಣಂದು ಬೆಳ್ಳಿನೇ ಅಲ್ವಂತೆ.”

ಆ ಸಂಜೆ ಬ್ಯಾರಕ್ಕಿನಲ್ಲಿ ಯಾರೋ ಒಬ್ಬ ಬ್ರೆಡ್ಡು ಮುರಿಯುತ್ತಾ ಸುಮ್ಮನೆ ಒಂದು ಮಾತು ಬಿಟ್ಟ. ದಳದ ಧ್ವಜದ ಕೋಲಿನ ಮೇಲೆ ಬಟ್ಟೆಯ ಬದಲು ಬೆಳ್ಳಿಯ ತಟ್ಟೆಗಳಿವೆಯಲ್ಲ, ಅವನ್ನು ದಿನಾ ಉಜ್ಜುವವನು ಯಾರು? ಬ್ರೆಡ್ಡು ಎಲ್ಲರ ಬಾಯಲ್ಲೂ ಹಾಗೇ ನಿಂತಿತು. ಧ್ವಜ ನಮಗೆ ಕೋಲಲ್ಲ, ದೇವರು. ಅದರ ಮೇಲಿನ ಬೆಳ್ಳಿ ಕದ್ದು ಬೇರೆ ಕೂರಿಸಿದವನಿಗೆ ಒಂದೇ ಶಿಕ್ಷೆ: ಸ್ವಂತ ದಳದವರೇ ದೊಣ್ಣೆ ಹಿಡಿದು ಎರಡು ಸಾಲು ನಿಲ್ಲುತ್ತಾರೆ, ಅವನು ನಡುವೆ ನಡೆಯಬೇಕು. ಆ ಸಾಲಿನ ತುದಿಯನ್ನು ಇದುವರೆಗೆ ಯಾರೂ ಮುಟ್ಟಿಲ್ಲ.

ಪನ್ಸಾ ಮುಟ್ಟಾಳನಲ್ಲ, ನ್ಯಾಯವಂತ. ಮುಟ್ಟಾಳನಾಗಿದ್ದರೆ ಸುಮ್ಮನಾಗುತ್ತಿದ್ದನೇನೋ. ಅವನು ಪರೀಕ್ಷೆಯಾಗಲಿ ಎಂದ. ಹಬ್ಬದ ದಿನ ಧ್ವಜವನ್ನು ಒಗೆಯುವ ಕಟ್ಟೆಗೆ ಕೊಂಡೊಯ್ದು, ಎಲ್ಲರೆದುರು ಗಂಧಕದ ಹೊಗೆ ಹಿಡಿಯತಕ್ಕದ್ದು. ಬಿಳುಪಾಗಿ ಉಳಿದರೆ ಬೆಳ್ಳಿ, ಕಪ್ಪಾದರೆ ಕಳ್ಳ ಸೆನೆಕಿಯೋ.

ಕಾಪಿತೋ ಕುಲುಮೆಗೆ ಓಡಿದ. ಲಿಕ್ಕೋ ಯಾರದೋ ಬಾಕುವಿನ ಹಿಡಿಗೆ ತವರ ಒರೆಸುತ್ತಾ, ಸೆನೆಕಿಯೋನ ಬಿಲ್ಲೆಗಳ ಮೇಲಿನ ಕಪ್ಪು ಬಳ್ಳಿಯನ್ನು ತಾನೇ ಕೂರಿಸಿದ್ದು, ಅದು ಬೆಳ್ಳಿಯ ಪುಡಿಗೆ ಗಂಧಕ ಬೆರೆಸಿ ಕಾಯಿಸಿದ ಮಸಿ, ಅಂದಮೇಲೆ ಬೆಳ್ಳಿಗೆ ಗಂಧಕ ತಾಗಿದರೆ ಇನ್ನೇನಾಗುತ್ತದೆ ಎಂದ.

“ಅಂದ್ರೆ ಧ್ವಜದ ತಟ್ಟೆ?”

“ನಿಜವಾದ ಬೆಳ್ಳಿ ಅಲ್ವಾ. ಕಪ್ಪಾಗೇ ಆಗುತ್ತೆ.”

“ನಂದ್ಯಾಕೆ ಆಗಲಿಲ್ಲ?”

“ನಿಂದು ಬೆಳ್ಳಿ ಅಲ್ವಲ್ಲೋ ಮಾರಾಯ.”

ಹಾಗಾದರೆ ಬಂದು ಪನ್ಸಾನಿಗೆ ಹೇಳು ಎಂದು ಕಾಪಿತೋ ಬೇಡಿಕೊಂಡ. ಲಿಕ್ಕೋ ಬಾಗಿಲ ಹೊರಗಿನ ಸಾಲು ತೋರಿಸಿದ. ಈ ಜನಕ್ಕೆ ನಾನು ಏನೆಂದು ಹೇಳಲಿ? ಸೊಂಟ ನಿನ್ನದು, ನೀನೇ ಹೇಳು ಎಂದ.

ಹೇಳಿದರೆ ಏನಾಗುತ್ತದೆಂದು ಕಾಪಿತೋಗೆ ಗೊತ್ತಿತ್ತು. ದಳದೆದುರು ಮಾನ ಹೋಗುತ್ತದೆ, ಅದು ಹೋಗಲಿ. ಸೊಂಟದಲ್ಲಿ ಬೆಳ್ಳಿಯಿಲ್ಲದವನಿಗೆ ಬನೋನಾ ಇಲ್ಲ. ಹೇಳದಿದ್ದರೆ ಸೆನೆಕಿಯೋ ಇಲ್ಲ. ಹಬ್ಬದವರೆಗೆ ಅವನು ಊರಿನಲ್ಲಿ ತುಳಿಯದ ಜಾಗವಿರಲಿಲ್ಲ. ಸೆನೆಕಿಯೋನ ಕೋಣೆಯ ಮುಂದೆ ಹೋಗುವನು. ಒಳಗೆ ಅವನು ಧ್ವಜದ ತಟ್ಟೆಗಳನ್ನು ಬೂದಿಯಿಂದ ಮೆಲ್ಲಗೆ, ಮಗುವಿನ ಮುಖ ಒರೆಸಿದಂತೆ ಒರೆಸುತ್ತಿರುವುದನ್ನು ಕಂಡು ಹಿಂದಿರುಗುವನು. ಪನ್ಸಾನ ಬಾಗಿಲಿಗೆ ಹೋಗುವನು, ಝಣಝಣ ಕೇಳಿ ಒಳಗಿನಿಂದ “ಯಾರದು, ಮೇಕೆಯಾ?” ಎಂದಾಗ ಓಡುವನು. ಕೊನೆಗೆ ನದಿಯ ಬಲಿಪೀಠಕ್ಕೆ ಬಂದ. ಪೀಠವನ್ನು ಸುತ್ತುತ್ತಲೇ ಪ್ರಾರ್ಥಿಸಿದ. ತಂದೆಯೇ, ಒಂದು ಸಣ್ಣ ಪ್ರವಾಹ ಕಳಿಸು. ಒಗೆಯುವ ಕಟ್ಟೆಯಷ್ಟೇ ಮುಳುಗಲಿ, ಮನೆ ಬೇಡ. ಗಂಧಕವೊಂದು ಒದ್ದೆಯಾದರೂ ಸಾಕು. ನದಿ ಅವನ ಮಾತನ್ನು ಪೂರ್ತಿ ಕೇಳಿಸಿಕೊಂಡಿತು. ಕೇಳಿಸಿಕೊಂಡು, ಇದ್ದ ಮಟ್ಟದಲ್ಲೇ ಹರಿಯಿತು. ದೇವರು ಕೆಲವೊಮ್ಮೆ ಉತ್ತರ ಕೊಡದಿರುವುದು ಉತ್ತರ ನಮ್ಮ ಹತ್ತಿರವೇ ಇರುವುದರಿಂದ.

ಹಬ್ಬದ ದಿನ ಬಂತು. ಚಕ್ರವರ್ತಿಯ ಸೈನ್ಯ ಎಷ್ಟೋ ದೇಶಗಳಿಗೆ ಧ್ವಜ ಹೊತ್ತು ನಡೆದಿದೆ. ಒಗೆಯುವ ಕಲ್ಲಿಗೆ ಹೊತ್ತು ನಡೆದದ್ದು ಅದೇ ಮೊದಲಿರಬೇಕು. ಮುಂದೆ ಕೊಂಬು ಊದುವವರು, ಹಿಂದೆ ಗುಲಾಬಿ ಸುತ್ತಿದ ಧ್ವಜ, ಅದರ ಕೆಳಗೆ ಬಿಳಿಯಂಗಿಯ ಮೇಲೆ ಕಪ್ಪು ಸೊಂಟಪಟ್ಟಿ ಕಟ್ಟಿದ ಸೆನೆಕಿಯೋ, ಅವನ ಹಿಂದೆ ಪನ್ಸಾ, ಆಮೇಲೆ ಇಡೀ ದಳ. ಸೆನೆಕಿಯೋ ಕಣ್ಣನ್ನು ಧ್ವಜದಿಂದ ಕದಲಿಸಲಿಲ್ಲ. ಅವನು ಕದ್ದವನಲ್ಲ, ತಟ್ಟೆಗಳು ಬೆಳ್ಳಗೇ ಉಳಿಯುತ್ತವೆಂದು ನಂಬಿದ್ದ. ಅದನ್ನು ನೋಡಲಾಗದೆ ಕಾಪಿತೋ ಸಾಲಿನಲ್ಲಿ ಮುಂದಿನವನ ಹಿಮ್ಮಡಿಯನ್ನು ತುಳಿಯುತ್ತಲೇ ಬಂದ.

ಕಟ್ಟೆಯಲ್ಲಿ ಮೊದಲು ವಿಘ್ನ ಒಡ್ಡಿದವಳು ರೆಸ್ತೂತಾ. ದೇವರಾದರೂ ಸರಿ, ಕೆಸರುಕಾಲಿನವರು ನನ್ನ ಹಾಸುಗಲ್ಲಿಗೆ ಬರಬಾರದು ಎಂದಳು. ದಳ ಕಾಲು ಒರೆಸಿತು. ಇಷ್ಟುದ್ದದ ಕೋಲು ನನ್ನ ಗೂಡಿನಲ್ಲಿ ಹಿಡಿಯುವುದಿಲ್ಲ ಎಂದಳು. ಕೋಲನ್ನು ಅಡ್ಡ ಮಲಗಿಸಬಹುದೇ ಎಂದು ಪನ್ಸಾ ಕೇಳಿದ; ಧ್ವಜ ಮಲಗಿದರೆ ದಳ ಸೋತಂತೆ ಎಂದು ಯಾರೋ ನೆನಪಿಸಿದರು. ಕಡೆಗೆ ಗೂಡನ್ನೇ ಎತ್ತಿ ಧ್ವಜಕ್ಕೆ ಟೋಪಿಯ ಹಾಗೆ ತೊಡಿಸುವುದು, ಒಬ್ಬ ಏಣಿ ಹತ್ತಿ ಬೋಗುಣಿ ಹಿಡಿಯುವುದು ಎಂದು ತೀರ್ಮಾನವಾಯಿತು. ಚಕ್ರವರ್ತಿಗೆ ಇದು ತಿಳಿಯದಿರಲಿ ಎಂದು ಎಲ್ಲರೂ ಮನಸ್ಸಿನಲ್ಲೇ ಬೇಡಿಕೊಂಡರು. ನೆಲದ ಮೇಲಿನ ಬೋಗುಣಿಯಲ್ಲಿ ಕೆಂಡ ಕೆಂಪಾಯಿತು. ಪನ್ಸಾ ಗಂಧಕದ ಚಿಟಿಕೆ ಎತ್ತಿದ.

ಆಗ ಸಾಲಿನ ನಡುವಿನಿಂದ ಝಣಝಣ ಶುರುವಾಗಿ ಮುಂದಕ್ಕೆ ಬಂತು.

“ಸ್ವಾಮಿ, ತಡೀರಿ. ನಂದು ಬೇಯಿಸಿದ್ದು” ಎಂದ ಕಾಪಿತೋ.

“ಗೊತ್ತಪ್ಪಾ. ಅದಕ್ಕೇ ಅದು ಕಪ್ಪಾಗಲಿಲ್ಲ” ಎಂದ ಪನ್ಸಾ, ಗೌರವದಿಂದಲೇ.

“ಹಂಗಲ್ಲ ಸ್ವಾಮಿ. ಬೇಯಿಸಿದ್ದು. ಬರೀ ಬೇಯಿಸಿದ್ದು.”

ದಳದಲ್ಲಿ ಮೆಚ್ಚುಗೆಯ ಗುಜುಗುಜು ಎದ್ದಿತು. ಬರೀ ಬೇಯಿಸಿದ್ದು ಎಂದರೆ ಹಸಿಯ ಲವಲೇಶವೂ ಇಲ್ಲದ್ದು ಎಂದು ಸಾಸೇಜಿನವಳು ಪಕ್ಕದವಳಿಗೆ ಬಿಡಿಸಿ ಹೇಳಿದಳು. ಪನ್ಸಾ ಮತ್ತೆ ಚಿಟಿಕೆ ಎತ್ತಿದ. ಕಾಪಿತೋ ಬನೋನಾಳ ಕಡೆ ಒಮ್ಮೆ ನೋಡಿದ. ಅವಳು ನೂಲು ಬಿಟ್ಟು ಅವನನ್ನೇ ನೋಡುತ್ತಿದ್ದಳು. ಇನ್ನು ಮಾತು ಸಾಲದು ಎಂದು ಅವನಿಗೆ ತಿಳಿಯಿತು. ಸೊಂಟಪಟ್ಟಿ ಬಿಚ್ಚಿ ಕೆಂಡದ ಬೋಗುಣಿಗೆ ಎಸೆದ.

ಮೊದಲು ತೊಗಲು ಸುಟ್ಟ ವಾಸನೆ ಬಂತು. ಆಮೇಲೆ ಬಿಲ್ಲೆಗಳು ಬೆವರತೊಡಗಿದವು. ಆ ಹುಣ್ಣಿಮೆಯ ಬಿಳುಪೆಲ್ಲ ಸಣ್ಣ ಸಣ್ಣ ಹನಿಯಾಗಿ ಕೂಡಿ, ಜಾರಿ, ಬೂದಿಗೆ ಬಿತ್ತು. ಕೆಳಗಿನಿಂದ ಹಳೆಯ ಹಿತ್ತಾಳೆ ಹಳದಿ ಮುಖ ಎತ್ತಿ ಎಲ್ಲರನ್ನೂ ನೋಡಿತು.

“ತವರ” ಎಂದ ಕಾಪಿತೋ. “ಕೊಪ್ಪರಿಗೆಗೆ ಹಾಕೋ ಕಲಾಯಿ. ಕಪ್ಪಾಗೋದೇ ಬೆಳ್ಳಿ ಸ್ವಾಮಿ. ಸೆನೆಕಿಯಣ್ಣಂದು ಅಪ್ಪಟ. ಧ್ವಜದ್ದೂ ಅಪ್ಪಟ.”

ಜನ ತಿರುಗಿ ಲಿಕ್ಕೋನನ್ನು ನೋಡಿದರು. ಲಿಕ್ಕೋ ಹೊರಡುವವನಿದ್ದ, ಹಿಡಿದು ತಂದರು. ಅವನು ಒಂದು ಮುಷ್ಟಿ ಬೂದಿ ಒದ್ದೆ ಮಾಡಿ ಸೆನೆಕಿಯೋನ ಒಂದು ಬಿಲ್ಲೆಯನ್ನು ಉಜ್ಜಿದ. ಕಪ್ಪು ಹರಿದು ಬೆಳ್ಳಿ ಬೆಳಗಾಯಿತು. ಸೆನೆಕಿಯೋ ಆವತ್ತು ಮೊದಲ ಬಾರಿಗೆ ಕರಡಿಯ ತಲೆಯನ್ನು ಹಿಂದಕ್ಕೆ ಸರಿಸಿದ. ಒಳಗೆ ಒಂದು ಬೋಳುತಲೆಯೂ ನೀರು ತುಂಬಿದ ಎರಡು ಕಣ್ಣೂ ಇದ್ದವು. ಕಾಪಿತೋನ ಹೆಗಲ ಮೇಲೆ ಕೈಯಿಟ್ಟ. ಆ ಕೈಯ ಭಾರಕ್ಕೆ ಕಾಪಿತೋ ಅರೆಗಳಿಗೆ ಅಲುಗದೆ ನಿಂತ. ತಮ್ಮ ಪಟ್ಟಿಗಳನ್ನು ಬೇಯಿಸಿಕೊಂಡಿದ್ದ ಸಿಪಾಯಿಗಳೆಲ್ಲ ಕೈಗಳನ್ನು ಸೊಂಟದ ಮುಂದೆ ಕಟ್ಟಿಕೊಂಡರು. ಸಾಸೇಜಿನವಳು ಮಾತ್ರ, ತನಗೆ ಮೊದಲೇ ಅನುಮಾನವಿತ್ತು ಎಂದಳು.

ಪನ್ಸಾ ನ್ಯಾಯವಂತನೆಂದು ಹೇಳಿದೆನಷ್ಟೆ. ಧ್ವಜವನ್ನು ಒಗೆತಕ್ಕೆ ತರಿಸಿದವನಿಗೆ ಶಿಕ್ಷೆಯಾಗಲೇಬೇಕು. ತರಿಸಿದವನು ತಾನೇ ಆದ್ದರಿಂದ ಅದು ಕಾಪಿತೋಗೆ ಆಯಿತು. ಮರುದಿನ ಬೆಳಗಿನಿಂದ ಸಂಜೆಯ ಕೊಂಬಿನವರೆಗೆ ದಳದ ಕಚೇರಿಯ ಮುಂದೆ, ಸೊಂಟಪಟ್ಟಿಯಿಲ್ಲದೆ, ಅಲುಗದೆ, ತುಟಿ ಪಿಟಕ್ಕೆನ್ನದೆ ನಿಲ್ಲುವುದು. ಸಿಪಾಯಿಗೆ ಇದಕ್ಕಿಂತ ಅವಮಾನವಿಲ್ಲ. ಪಟ್ಟಿಯಿಲ್ಲದ ಅಂಗಿ ಜಾರಿ ಮೊಣಕಾಲ ಕೆಳಗೆ ಇಳಿಯುತ್ತದೆ. ನೋಡುವವರಿಗೆ ಅವನು ಸಿಪಾಯಿಯೋ ಸೂಲಗಿತ್ತಿಯೋ ತಿಳಿಯುವುದಿಲ್ಲ.

ಊರೆಲ್ಲ ನೋಡಲು ಬಂತು. ಬುತ್ತಿ ಕಟ್ಟಿಕೊಂಡು ಬಂದವರೂ ಇದ್ದರು. ಝಣಝಣವಿಲ್ಲದ ಕಾಪಿತೋನನ್ನು ಜನ ಹುಟ್ಟಿದಾರಭ್ಯ ನೋಡಿರಲಿಲ್ಲ. ಬಿಸಿಲು ನೆತ್ತಿಗೆ ಬರುವ ಹೊತ್ತಿಗೆ ಒಗೆದ ಬಟ್ಟೆಯ ಬುಟ್ಟಿ ತಲೆಯ ಮೇಲಿಟ್ಟುಕೊಂಡು ರೆಸ್ತೂತಾ ಬಂದಳು, ಹಿಂದೆ ಬನೋನಾ. ಜನ ದಾರಿ ಬಿಟ್ಟರು. ಬೈಗುಳ ಕೇಳಲು ಎಲ್ಲರೂ ಉಸಿರು ಹಿಡಿದರು. ಕಾಪಿತೋ ಕಣ್ಣು ಮುಚ್ಚಿದ.

ಅವಳು ಬೈಯಲಿಲ್ಲ. ಬುಟ್ಟಿ ಇಳಿಸಿ ಅವನನ್ನು ಒಂದು ಸುತ್ತು ಬಂದಳು. ಅವನ ಅಂಗಿಯ ನಡುಭಾಗವನ್ನು ಬೆರಳುಗಳ ನಡುವೆ ಹಿಡಿದು ಬಿಸಿಲಿಗೆ ಹಿಡಿದಳು. ಮೂಸಿದಳು. ಈ ಅಂಗಿ ಯಾವಾಗಿನಿಂದ ಮೈಮೇಲಿದೆ ಎಂದು ಕೇಳಿದಳು. ಅವನು ಮಾತಾಡುವಂತಿಲ್ಲ. ಪನ್ಸಾ ತಲೆಯಾಡಿಸಿ ಒಂದು ಮಾತಿಗೆ ಅಪ್ಪಣೆ ಕೊಟ್ಟ.

“ಬೇಯಿಸಿದಾಗಿನಿಂದ” ಎಂದ ಕಾಪಿತೋ.

ರೆಸ್ತೂತಾ ಎರಡೂ ಕೈ ಸೊಂಟದ ಮೇಲಿಟ್ಟುಕೊಂಡು ದಳದ ಕಡೆ ತಿರುಗಿದಳು.

“ನೋಡ್ರಪ್ಪಾ. ನನ್ನ ಗಂಡ ಸತ್ತಾಗಿನಿಂದ ನಿಮ್ಮ ಹಿತ್ತಾಳೆ ಪಟ್ಟಿ ಕಿಲುಬು ತಿಕ್ಕಿ ತಿಕ್ಕಿ ನನ್ನ ಉಗುರು ಹಸಿರಾಗೋಗಿವೆ. ಒಬ್ಬನ ಸೊಂಟ ಬೆಳ್ಳಗಿದ್ದುದು ಕಾಣೆ. ಇವತ್ತು ಕಂಡೆ. ಕಲಾಯಿ ಇದ್ದಿದ್ದಕ್ಕೆ ಹಸಿರಿಲ್ಲ.”

ಕಾಪಿತೋ ಕಣ್ಣು ತೆರೆದ. ಕೊಟ್ಟಿದ್ದ ಒಂದು ಮಾತಿನ ಅಪ್ಪಣೆ ಮುಗಿದಿತ್ತು, ಆದರೂ ಬಾಯಿ ತಡೆಯಲಿಲ್ಲ. “ಬೆಳ್ಳಿ ಅಂದಿರಲ್ಲ ಅಮ್ಮಾ.”

“ಬೆಳ್ಳಗೆ ಅಂದೆ ಕಣೋ. ನಾನು ಬಟ್ಟೆ ಒಗೆಯೋಳು. ಬೆಳ್ಳಿ ತಗೊಂಡು ನಾನೇನು ತೊಟ್ಟೀಲಿ ನೆನೆಹಾಕಲಾ?”

ಆ ಕ್ಷಣ ಕಚೇರಿಯ ಮುಂದಿದ್ದ ದಳದವರೆಲ್ಲ ತಮ್ಮ ತಮ್ಮ ಪಟ್ಟಿಗಳನ್ನು ಸಡಿಲಿಸಿ, ಅಂಗಿ ಎಳೆದು ನೋಡಿಕೊಳ್ಳತೊಡಗಿದರು. ಪನ್ಸಾ ಗೋಡೆಯ ಕಡೆ ತಿರುಗಿ ತನ್ನದನ್ನು ನೋಡಿಕೊಂಡ. ನೋಡಿ, ಬೇಗ ಬಿಗಿದುಕೊಂಡ. ರೆಸ್ತೂತಾ ಬುಟ್ಟಿ ಎತ್ತಿಕೊಂಡು, ನಾಳೆಯೇ ಆ ಬಿಲ್ಲೆಗಳನ್ನು ಮತ್ತೆ ಬೇಯಿಸಿಕೋ, ಹಾಗೇ ನನ್ನ ಕೊಪ್ಪರಿಗೆಯನ್ನೂ ಲಿಕ್ಕೋನ ಹತ್ತಿರ ಒಯ್ಯಿ ಎಂದು ಹೇಳಿ ನಡೆದಳು. ಅದು ನಮ್ಮೂರಿನಲ್ಲಿ ನಿಶ್ಚಿತಾರ್ಥ.

ಬನೋನಾ ಹೋಗಲಿಲ್ಲ. ನೇಯುವ ಹಲಗೆಯನ್ನು ತಂದೇ ಬಂದಿದ್ದಳು. ಅವನ ಪಾದದ ಹತ್ತಿರ, ಅವನ ನೆರಳಿನಲ್ಲೇ ಕುಳಿತು ನೂಲಿನ ತುದಿಯನ್ನು ಅವನ ಕಾಲಿನ ಹೆಬ್ಬೆರಳಿಗೆ ಕಟ್ಟಿದಳು.

“ಅಂತೂ ನಿಂತೆ. ಮಾತಾಡು” ಎಂದಳು.

ಅವನು ಮಾತಾಡುವಂತಿರಲಿಲ್ಲ. ಪನ್ಸಾ ಎಂಟು ಹೆಜ್ಜೆ ದೂರದಲ್ಲಿ ಕಣ್ಣು ಬಿಡುತ್ತಿದ್ದ.

“ಸರಿ ಬಿಡು, ನಾನೇ ಆಡ್ತೀನಿ” ಎಂದು ಅವಳು ಶುರುಮಾಡಿದಳು.

ಏನು ಆಡಿದಳೆಂದು ಯಾರಿಗೂ ಕೇಳಿಸಲಿಲ್ಲ. ಅವನು ಎಡದಿಂದ ಬಲಕ್ಕೆ ಓಡಾಡುತ್ತಿದ್ದಷ್ಟು ದಿನದ್ದೆಲ್ಲ ಇದ್ದಿರಬೇಕು. ನೆರಳು ಒಂದು ಕಡೆಯಿಂದ ಇನ್ನೊಂದು ಕಡೆಗೆ ಹೋಯಿತು, ಅವಳೂ ಅದರೊಂದಿಗೆ ಸರಿದು ಕುಳಿತಳು, ಅವನು ಸರಿಯಲಿಲ್ಲ. ಜನ ಮನೆಗೆ ಹೋದರು. ಸಂಜೆಯ ಕೊಂಬು ಊದಿತು. ಶಿಕ್ಷೆ ಮುಗಿಯಿತು, ಹೋಗು ಎಂದು ಪನ್ಸಾ ಹೇಳಿದ. ಎರಡನೆಯ ಸಲ ಜೋರಾಗಿ ಹೇಳಿದ. ಕಾಪಿತೋ ಕೇಳಿಸಿಕೊಳ್ಳಲಿಲ್ಲ. ಹೆಬ್ಬೆರಳಿಗೆ ನೂಲು ಕಟ್ಟಿತ್ತು, ಅವಳು ನೇಯುತ್ತಿದ್ದ ಪಟ್ಟಿ ಇನ್ನೂ ಅರ್ಧವಾಗಿತ್ತು, ಅವಳ ಮಾತೂ ಮುಗಿದಿರಲಿಲ್ಲ.